ಹಗ್ಗ ಎಳೆದವನ ಹೆಸರೇನು?

ರಂಗದ ಮೇಲೆ ಸಿಂಹಾಸನವೊಂದು ತನ್ನಷ್ಟಕ್ಕೆ ತಾನೇ ಹಿಂದಕ್ಕೆ ಸರಿಯುತ್ತದೆ. ನಟಿಯ ಕೈಯಲ್ಲಿನ ಲಾಂದ್ರ ಯಾರೂ ಮುಟ್ಟದೆ ಮಂಕಾಗುತ್ತದೆ. ತಂತಿ ಇಲ್ಲ, ಹಗ್ಗ ಇಲ್ಲ, ಕತ್ತಲಲ್ಲಿ ಬಗ್ಗಿ ಓಡುವ ಹುಡುಗನೂ ಇಲ್ಲ. ಸಭೆ ಚಪ್ಪಾಳೆ ತಟ್ಟುತ್ತದೆ. ಈ ಚಪ್ಪಾಳೆ ಯಾರಿಗೆ ಅನ್ನೋದೇ ನನ್ನ ಪ್ರಶ್ನೆ.

ನಮ್ಮ ನಾಟಕ ವಿಮರ್ಶಕರು ವಸ್ತು, ಪಾತ್ರ, ಸಂಭಾಷಣೆ ಅಂತ ಮೂರು ಪುಟ ಬರೆದು, ಕೊನೆಗೆ 'ಬೆಳಕು ಪೂರಕವಾಗಿತ್ತು' ಎಂಬ ಒಂದು ಸಾಲಿನಲ್ಲಿ ಕೈ ತೊಳೆದುಕೊಳ್ಳುತ್ತಾರೆ. ಆ ಬೆಳಕು ಹೇಗೆ ಬಂತು, ಯಾರು ತಂದರು, ಕೆಟ್ಟಿದ್ದರೆ ಯಾರ ಕಾಲು ಮುರಿಯುತ್ತಿತ್ತು, ಇದೊಂದೂ ಅವರಿಗೆ ಬೇಡ. ಕೈಕೆಲಸ ಕಂಡರೆ ಮೂಗು ಮುರಿಯುವ ಹಳೇ ರೋಗವಿದು. ಅದಕ್ಕೇ ಮೊದಲು ಕೆಲಸ ಹೇಗೆ ನಡೆಯುತ್ತದೆ ನೋಡೋಣ.

ಬೆಳಕಿನ ಬೋರ್ಡು ದೀಪಗಳೊಂದಿಗೆ ಮಾತಾಡುವ ಭಾಷೆಗೆ ಡಿಎಂಎಕ್ಸ್ 512 ಎಂದು ಹೆಸರು. ಅಮೆರಿಕದ ರಂಗತಂತ್ರಜ್ಞರ ಸಂಸ್ಥೆಯೊಂದು 1986ರಲ್ಲಿ ಇದನ್ನು ರೂಪಿಸಿತು. ಒಂದೇ ತಂತಿಯಲ್ಲಿ 512 ಚಾನೆಲ್, ಒಂದೊಂದಕ್ಕೂ 0ಯಿಂದ 255ರವರೆಗೆ ಒಂದು ಅಂಕಿ. 0 ಅಂದರೆ ಕತ್ತಲು, 255 ಅಂದರೆ ಪೂರ್ತಿ ಬೆಳಕು. ಈ ಅಂಕಿಗಳ ಸಾಲು ಸೆಕೆಂಡಿಗೆ ಹತ್ತಾರು ಸಲ ಹೊರಡುತ್ತಲೇ ಇರುತ್ತದೆ. ತಂತಿಯಿಲ್ಲದ ವ್ಯವಸ್ಥೆಯಲ್ಲಿ ಇದೇ ಅಂಕಿಗಳು ರೇಡಿಯೋ ಅಲೆಯ ಮೇಲೆ ಕೂತು ಹೋಗುತ್ತವೆ. ಬೋರ್ಡಿನ ಪಕ್ಕದಲ್ಲಿ ಟ್ರಾನ್ಸ್‌ಮಿಟರ್. ಲಾಂದ್ರದ ಹೊಟ್ಟೆಯೊಳಗೆ ರಿಸೀವರ್, ಬ್ಯಾಟರಿ, ಡಿಮ್ಮರ್, ಪುಟ್ಟ ಎಲ್‌ಇಡಿ. ಸಿಂಹಾಸನದ ಅಡಿಯಲ್ಲಾದರೆ ಎಲ್‌ಇಡಿ ಬದಲು ಗೇರು ಕೂರಿಸಿದ ಮೋಟಾರು. ಇಷ್ಟೇ ಕಣ್ರಪ್ಪ ಮಾಯೆ.

ಈ ಮಾಯೆಗೂ ಕಷ್ಟಗಳುಂಟು. ಬಹುಪಾಲು ಉಪಕರಣಗಳು ಓಡಾಡುವುದು 2.4 ಗಿಗಾಹರ್ಟ್ಸ್ ಎಂಬ ದಾರಿಯಲ್ಲಿ. ವೈಫೈ, ಬ್ಲೂಟೂತ್ ಎಲ್ಲವೂ ಅಲ್ಲೇ ನುಗ್ಗುತ್ತವೆ. ಮಧ್ಯಾಹ್ನ ಖಾಲಿ ಸಭಾಂಗಣದಲ್ಲಿ ಚೆನ್ನಾಗಿ ನಡೆದದ್ದು ಸಂಜೆ ಜನ ತುಂಬಿದಾಗ ಕೈಕೊಡಬಹುದು. ಜನರ ಜೇಬಿನ ಫೋನುಗಳು ಅಲೆಗೆ ಅಡ್ಡ ಬರುತ್ತವೆ, ಮನುಷ್ಯರ ಮೈಯೇ ಅದನ್ನು ಹೀರುತ್ತದೆ. ಅದಕ್ಕೇ ಒಳ್ಳೆಯ ಉಪಕರಣ ಒಂದೇ ದಾರಿಗೆ ಅಂಟಿಕೊಳ್ಳದೆ ಕ್ಷಣಕ್ಷಣಕ್ಕೂ ಬೇರೆ ದಾರಿಗೆ ಜಿಗಿಯುತ್ತದೆ.

ಅಷ್ಟಾದರೂ ಸುದ್ದಿ ನಿಂತರೆ? ರಿಸೀವರ್ ಕಡೆಯ ಅಂಕಿಯನ್ನೇ ಹಿಡಿದುಕೊಂಡಿರಬೇಕೋ, ಸೊನ್ನೆಗೆ ಇಳಿಯಬೇಕೋ ಎಂದು ಮೊದಲೇ ತೀರ್ಮಾನಿಸಿರಬೇಕು. ಲಾಂದ್ರವಾದರೆ ಹಿಡಿದುಕೊಂಡಿರಲಿ, ನಾಟಕ ಉಳಿಯುತ್ತದೆ. ಮೋಟಾರಿಗೆ ಇದೇ ನ್ಯಾಯ ಹೇಳಿದರೆ ಸಿಂಹಾಸನ ನಿಲ್ಲದೆ ಹೋಗಿ ಗೋಡೆಗೆ ಗುದ್ದುತ್ತದೆ. ನಡುವೆ ಸಿಕ್ಕಿಬೀಳುವವನು ಪರದೆಯ ಹಿಂದೆ ನಿಂತ ಸಂಬಳದ ಆಳು. ಡಿಎಂಎಕ್ಸ್‌ನಲ್ಲಿ ಅಂಕಿ ತಪ್ಪಿದರೆ ಪತ್ತೆ ಹಚ್ಚುವ ವ್ಯವಸ್ಥೆ ಇಲ್ಲ; ಪ್ರಾಣಾಪಾಯವಿರುವ ಕೆಲಸಕ್ಕೆ ಇದನ್ನು ನೆಚ್ಚಬೇಡಿ ಎಂದು ಅದರ ನಿಯಮಪುಸ್ತಕವೇ ಎಚ್ಚರಿಸುತ್ತದೆ. ಆ ಸಾಲು ಓದಿದವನಿಗೂ ಓದದವನಿಗೂ ಇರುವ ಅಂತರ ಒಂದು ಕೈಯೋ ಕಾಲೋ ಆಗಬಹುದು.

ಮೈಮೇಲೆ ದೀಪ ಹೊತ್ತು ಆಡುವುದು ಇವತ್ತಿನದಲ್ಲ. ಲಂಡನ್ನಿನ ಸವಾಯ್ ಥಿಯೇಟರಿನಲ್ಲಿ 1882ರಲ್ಲಿ 'ಅಯೋಲ್ಯಾಂತಿ' ಎಂಬ ಗೀತನಾಟಕ ಆಡಿದಾಗ, ಯಕ್ಷಿಣಿಯರ ಪಾತ್ರದ ಹೆಣ್ಣುಮಕ್ಕಳ ತಲೆಯ ಮೇಲೆ ಜೋಸೆಫ್ ಸ್ವಾನ್ ಎಂಬ ವಿಜ್ಞಾನಿಯ ಪುಟ್ಟ ಬಲ್ಬುಗಳು ಬ್ಯಾಟರಿಯಿಂದ ಉರಿದವು. ನಾವು ಹಬ್ಬಕ್ಕೆ ಕಟ್ಟುವ ಸೀರಿಯಲ್ ಸೆಟ್ಟಿಗೆ ಇಂಗ್ಲಿಷಿನವರು 'ಫೇರಿ ಲೈಟ್ಸ್' ಎನ್ನಲು ಅದೇ ಮೂಲವಂತೆ. ಸ್ವಾನ್ ಹೆಸರು ಚರಿತ್ರೆಯಲ್ಲಿ ಉಳಿಯಿತು. ಬ್ಯಾಟರಿ ಹೊತ್ತು ಕುಣಿದವರ ಹೆಸರು ಯಾರ ಬಾಯಲ್ಲಿದೆ? ನಮ್ಮ ಕಡೆಗೇ ಬನ್ನಿ. ಗುಬ್ಬಿ ಕಂಪನಿಯ 'ಕುರುಕ್ಷೇತ್ರ'ದಲ್ಲಿ ಆನೆ ಕುದುರೆ ರಂಗಕ್ಕೆ ಬಂದದ್ದನ್ನು ಇವತ್ತಿಗೂ ಕತೆ ಮಾಡಿ ಹೇಳ್ತೀವಿ. ಆ ಆನೆ ನಡೆಸಿದ ಮಾವುತ ಯಾರು?

ಬೆರಗೇ ತಪ್ಪು ಎನ್ನುವವನು ನಾನಲ್ಲ. ಕಲ್ಕತ್ತೆಯ ಮಿನರ್ವ ಥಿಯೇಟರಿನಲ್ಲಿ 1959ರಲ್ಲಿ ಉತ್ಪಲ್ ದತ್ 'ಅಂಗಾರ್' ಆಡಿಸಿದರು. ಕಲ್ಲಿದ್ದಲು ಗಣಿಯೊಳಗೆ ನೀರು ನುಗ್ಗಿ ಕಾರ್ಮಿಕರು ಮುಳುಗುವ ದೃಶ್ಯವನ್ನು ತಾಪಸ್ ಸೇನ್ ಬರೀ ಬೆಳಕಿನಿಂದ ಕಟ್ಟಿದರು. ಒಂದು ಹನಿ ನೀರಿಲ್ಲದೆ ರಂಗದ ಮೇಲೆ ನೀರು ಏರಿತು. ಅಲ್ಲಿ ಬೆಳಕು ಕಾರ್ಮಿಕರ ಸಾವಿನ ಕಡೆ ಬೆರಳು ತೋರಿಸಿತು. ಹಾಗಾಗಿ ತಂತ್ರವನ್ನು ಅಳೆಯಲು ನನ್ನ ಹತ್ತಿರ ಇರುವ ಕೋಲು ಇಷ್ಟೇ: ಬೆರಗಾದ ಪ್ರೇಕ್ಷಕ ಮನೆಗೆ ಹೋಗುವಾಗ ಗಣಿಯವನನ್ನು ನೆನೆಯುತ್ತಾನೋ, ಮಿಣುಕಿದ ದೀಪವನ್ನೋ?

ಇನ್ನೊಂದು ತುದಿ ನೋಡಿ. ನ್ಯೂಯಾರ್ಕಿನ 'ಸ್ಪೈಡರ್‌ಮ್ಯಾನ್: ಟರ್ನ್ ಆಫ್ ದ ಡಾರ್ಕ್' ಎಂಬ ನಾಟಕಕ್ಕೆ ಸುಮಾರು 7.5 ಕೋಟಿ ಡಾಲರ್ ಸುರಿದರು. ನಟರನ್ನು ಸಭೆಯ ತಲೆಯ ಮೇಲೆ ಹಾರಿಸಲು ಕಂಪ್ಯೂಟರ್ ನಡೆಸುವ ಯಂತ್ರಗಳಿದ್ದವು. 2010ರ ಡಿಸೆಂಬರ್ 20ರಂದು ಕ್ರಿಸ್ಟೋಫರ್ ಟಿಯರ್ನಿ ಎಂಬ ನಟ ರಂಗದಿಂದ ಕೆಳಕ್ಕೆ ಬಿದ್ದು ಮೂಳೆಗಳನ್ನು ಮುರಿದುಕೊಂಡ. ಅವನ ಬೆನ್ನಿನ ಹಗ್ಗದ ಇನ್ನೊಂದು ತುದಿಯನ್ನು ಬಿಗಿದಿರಲಿಲ್ಲ. ಕೋಟಿ ಕೋಟಿಯ ಯಂತ್ರವೂ ಕೊನೆಗೆ ಒಂದು ಕೊಕ್ಕೆ ಹಾಕುವ ಕೈಯನ್ನೇ ನಂಬಿತ್ತು. ಆ ಕೈಗೆ ಬಿಡುವು ಎಷ್ಟು, ಸಂಬಳ ಎಷ್ಟು, 'ಇವತ್ತು ಬೇಡ, ಇದು ಅಪಾಯ' ಎಂದು ಹೇಳುವ ಹಕ್ಕು ಎಷ್ಟು ಎಂದು ಕೇಳುವುದೂ ವಿಮರ್ಶೆಯ ಕೆಲಸವೇ.

ನಮ್ಮ ಗೆಳೆಯರಲ್ಲೇ ಕೆಲವರು ಹೇಳ್ತಾರೆ: 'ಬೀದಿ ನಾಟಕಕ್ಕೆ ಇದೆಲ್ಲ ಯಾಕೆ ಮಾರಾಯ, ತಮಟೆ ಒಂದಿದ್ದರೆ ಸಾಕು.' ತಮಟೆಯ ಶಕ್ತಿ ನನಗೂ ಗೊತ್ತು. ಆದರೆ ಇಲ್ಲದ್ದನ್ನೇ ವ್ರತ ಮಾಡಿಕೊಳ್ಳುವುದು ಬೇರೆ, ಬೇಡವೆಂದು ಬಿಡುವುದು ಬೇರೆ. ಕತ್ತಲು ನಾವು ಆರಿಸಿಕೊಂಡದ್ದಾದರೆ ಅದು ಕಲೆ. ಕೈಗೆಟುಕದ್ದರಿಂದ ಬಂದ ಕತ್ತಲಿಗೆ ಆ ಹೆಸರು ಕೊಡಬೇಡಿ.

ಈಗ ಇದು ಅಷ್ಟೇನೂ ಎಟುಕದ ಹಣ್ಣಲ್ಲ. ದೊಡ್ಡ ಕಂಪನಿಗಳ ಸಿದ್ಧ ಪೆಟ್ಟಿಗೆ ದುಬಾರಿಯೇ. ಆದರೆ ವೈಫೈ ಇರುವ ಇಎಸ್‌ಪಿ 32 ಎಂಬ ಬೆರಳುದ್ದದ ಹಲಗೆ ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಹಳ್ಳಿ ಶಾಲೆಯ ಮೇಷ್ಟ್ರು ಎಂಟನೇ ಕ್ಲಾಸಿನ ಮಕ್ಕಳನ್ನು ಕೂರಿಸಿಕೊಂಡು ಒಂದು ಲಾಂದ್ರ ಮಾಡಬಹುದು. ಲಾಂದ್ರದಿಂದಲೇ ಶುರು ಮಾಡಿ. ಮೋಟಾರಿಗೆ ಕೈ ಹಾಕಿದರೆ ಅದರ ಮೇಲೆ ಮಕ್ಕಳನ್ನು ಕೂರಿಸಬೇಡಿ. ಮೋಟಾರಿನ ಕರೆಂಟನ್ನೇ ಕಡಿಯುವ ಸ್ವಿಚ್ಚೊಂದು ಕೈಗೆಟುಕುವಂತಿರಲಿ, ಅದರ ಹತ್ತಿರ ಒಬ್ಬರು ನಿಂತಿರಲಿ.

ಹಗ್ಗ ಎಳೆದು ಎಳೆದು ಅಂಗೈ ಬಿರಿದವರ ಮಕ್ಕಳು ನಾವು. ಹಗ್ಗ ಹೋಗುವುದಾದರೆ ಹೋಗಲಿ, ಅಳುವವರು ಯಾರು? ಆದರೆ ಹಗ್ಗದ ಜೊತೆ ಎಳೆಯುವವನನ್ನೂ ಹೊರಗೆ ಹಾಕಿ, ಬೋರ್ಡಿನ ಮುಂದೆ ಮತ್ತೆ ಅದೇ ಉಳ್ಳವರ ಮಗನನ್ನು ಕೂರಿಸಿದರೆ ಏನು ಬದಲಾಯಿತು? ಹಗ್ಗ ಎಳೆದವನಿಗೇ ಬೋರ್ಡು ಕಲಿಸಿ. ಕರಪತ್ರದಲ್ಲಿ ನಿರ್ದೇಶಕನ ಹೆಸರಿನ ಅಳತೆಯಲ್ಲೇ ಅವನ ಹೆಸರನ್ನೂ ಅಚ್ಚು ಹಾಕಿ. ವಿಮರ್ಶೆ ಬರೆಯುವವರು ನಾಟಕ ಮುಗಿದ ಮೇಲೆ ಒಂದು ಸಲ ಪರದೆಯ ಹಿಂದಕ್ಕೂ ಹೋಗಿ ಬನ್ನಿ, ಆಮೇಲೆ ಪೆನ್ನು ತೆಗೆಯಿರಿ.