ಪಂಪನ ಸ್ವೋಪಜ್ಞತೆ ಮತ್ತು ಕೃತಿಸ್ವಾಮ್ಯದ ವಿಚಾರ

ಪಂಪನ ಆದಿಪುರಾಣಕ್ಕೆ (ಕ್ರಿ.ಶ. 941) ಜಿನಸೇನಾಚಾರ್ಯರ ಸಂಸ್ಕೃತ ಪೂರ್ವಪುರಾಣವೇ ಆಕರವೆಂಬುದು ನಿರ್ವಿವಾದ. ಕಥಾಕ್ರಮ, ಭವಾವಳಿ, ಪಂಚಕಲ್ಯಾಣಗಳ ನಿರೂಪಣೆ ಮಾತ್ರವಲ್ಲದೆ ಎಷ್ಟೋ ಪದ್ಯಗಳ ಭಾವವೂ ಅಲ್ಲಿಂದಲೇ ಬಂದಿದೆ. ಇಷ್ಟರಿಂದಲೇ ಪಂಪನನ್ನು ಅನುವಾದಕನೆಂದು ಕರೆಯುವುದಾದರೆ, ಆ ಮಾತಿನ ಹಿಂದಿರುವುದು ಕಾವ್ಯಮೀಮಾಂಸೆಯಲ್ಲ, ಕೃತಿಸ್ವಾಮ್ಯದ ಆಧುನಿಕ ಕಲ್ಪನೆ.

ಜಿನಸೇನರೂ ತಮಗಿಂತ ಹಿಂದಿನ ಕವಿಪರಮೇಶ್ವರರನ್ನು ಪೂಜ್ಯಭಾವದಿಂದ ಸ್ಮರಿಸಿದ್ದಾರೆ. ಅವರ ಗದ್ಯಕಥೆಯೇ ಈ ಪುರಾಣಕ್ಕೆ ಮಾತೃಕೆಯೆಂದು ಗುಣಭದ್ರಾಚಾರ್ಯರು ಹೇಳುತ್ತಾರೆ. ಗುರುಗಳು ಅಪೂರ್ಣವಾಗಿ ಬಿಟ್ಟುದನ್ನು ಪೂರೈಸಿದವರೂ ಗುಣಭದ್ರರೇ. ಹೀಗೆ ಪರಂಪರೆಯಿಂದ ಇಳಿದುಬಂದ ಕಥೆಗೆ ಒಬ್ಬನೇ ಒಡೆಯನನ್ನು ಹುಡುಕುವುದು ವ್ಯರ್ಥ.

ಆದರೂ ಕಾನೂನಿನ ಒಂದು ವಿವೇಚನೆ ವಿಮರ್ಶೆಗೆ ಉಪಕಾರಿಯಾಗಿದೆ. 1978ರಲ್ಲಿ ಆರ್. ಜಿ. ಆನಂದ್ ಮೊಕದ್ದಮೆಯಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ಕಥಾವಸ್ತು, ಐತಿಹ್ಯಗಳ ಮೇಲೆ ಸ್ವಾಮ್ಯವಿಲ್ಲ, ಅವುಗಳ ಅಭಿವ್ಯಕ್ತಿಯ ಮೇಲೆ ಮಾತ್ರ ಉಂಟು ಎಂದು ನಿರ್ಣಯಿಸಿತು. ನೀಲಾಂಜನೆಯ ಪ್ರಸಂಗದಲ್ಲಿ ಈ ಭೇದವನ್ನು ಪರೀಕ್ಷಿಸಬಹುದು. ನರ್ತಕಿಯ ಆಯುಸ್ಸು ತೀರುವುದು, ರಸಭಂಗವಾಗದಂತೆ ಇಂದ್ರನು ಅವಳ ರೂಪದ ಮತ್ತೊಬ್ಬಳನ್ನು ನಿಲ್ಲಿಸುವುದು, ಆ ವ್ಯತ್ಯಾಸವನ್ನು ಪುರುದೇವನು ಅರಿಯುವುದು, ಇಷ್ಟೂ ಜಿನಸೇನರಲ್ಲಿದೆ. ಆದರೆ ಅಲ್ಲಿ ಅದು ವೈರಾಗ್ಯಕ್ಕೊಂದು ನಿಮಿತ್ತ. ಕೆಲವೇ ಶ್ಲೋಕಗಳಲ್ಲಿ ಮುಗಿಯುತ್ತದೆ. ಪಂಪನು ನೃತ್ಯವನ್ನೇ ಬೆಳೆಸಿ, ಸಭೆಯನ್ನೂ ಓದುಗನನ್ನೂ ಶೃಂಗಾರದಲ್ಲಿ ತಲ್ಲೀನಗೊಳಿಸಿ, ಆ ತುದಿಯಲ್ಲಿಯೇ ಶಾಂತವನ್ನು ಹುಟ್ಟಿಸುತ್ತಾನೆ. ವಸ್ತು ಗುರುಗಳದು, ರಸಯೋಜನೆ ಕವಿಯದು.

ಕಾನೂನಿನ ನೆರವು ಇಲ್ಲಿಗೇ ನಿಲ್ಲುತ್ತದೆ. ಪ್ರತಿ ಮಾಡುವ ಹಕ್ಕನ್ನು ಅದು ಕರ್ತೃವಿಗೆ ಮೀಸಲಿಡುತ್ತದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಗಾದರೋ ಅದು ಶಾಸ್ತ್ರದಾನ.

ಹಸ್ತಪ್ರತಿ ಸಂಪಾದಕರನ್ನು ನೇರವಾಗಿ ತಟ್ಟುವ ಪ್ರಶ್ನೆ ಬೇರೊಂದಿದೆ. ಮೃತಸಮುದ್ರದ ಸುರುಳಿಯೊಂದರ ಚೂರುಗಳನ್ನು ಜೋಡಿಸಿ ಲುಪ್ತಪಾಠವನ್ನು ಊಹಿಸಿದ ಎಲಿಶಾ ಕಿಮ್ರೋನ್ ಅವರಿಗೆ ಆ ಪುನಾರಚಿತ ಪಾಠದ ಮೇಲೆ ಕೃತಿಸ್ವಾಮ್ಯವಿದೆಯೆಂದು ಇಸ್ರೇಲಿನ ಸರ್ವೋಚ್ಚ ನ್ಯಾಯಾಲಯ 2000ರಲ್ಲಿ ತೀರ್ಪಿತ್ತಿತು. ಪರಿಶ್ರಮಕ್ಕೆ ಮನ್ನಣೆ ನ್ಯಾಯವೇ. ಅವರ ಹೆಸರನ್ನೇ ಹೇಳದೆ ಪಾಠವನ್ನು ಅಚ್ಚಿಸಿದ್ದು ಖಂಡನೀಯ. ಆದರೆ ತೀರ್ಪಿನ ತರ್ಕ ವಿಚಿತ್ರವಾಗಿದೆ. ಊಹಿತ ಪಾಠವು ಮೂಲದ್ದೇ ಆಗಿದ್ದರೆ ಅದು ಪ್ರಾಚೀನ ಕರ್ತೃವಿನದು. ಸಂಪಾದಕನ ಸ್ವಂತ ಸೃಷ್ಟಿಯಾಗಿದ್ದರೆ ಸಂಪಾದನೆ ಸೋತಂತೆ. ಓಲೆಯ ತ್ರುಟಿತ ಅಕ್ಷರಗಳನ್ನು ತುಂಬಿದವರ ಹೆಸರು ಅಡಿಟಿಪ್ಪಣಿಯಲ್ಲಿ ಉಳಿಯಲೇಬೇಕು. ಮುಂದಿನ ಸಂಪಾದಕನು ಅದೇ ಪಾಠವನ್ನು ಎತ್ತಿಕೊಳ್ಳಲು ಅಥವಾ ತಿದ್ದಲು ಅನುಮತಿ ಬೇಡಬೇಕಾದರೆ ಮಾತ್ರ ಪಾಠಪರಿಷ್ಕರಣದ ಕಾರ್ಯವೇ ನಿಂತುಹೋದೀತು.