ಡಬ್ ಆಗಿ ಬಂದ ಬಾಬಾಸಾಹೇಬ

2020ರ ಜುಲೈ ತಿಂಗಳು. ಕೊರೋನಾ ಕಾರಣಕ್ಕೆ ಶಂಕರಘಟ್ಟದ ಹಾಸ್ಟೆಲ್ ಮುಚ್ಚಿ, ಎಂ.ಎ. ಓದು ಅರ್ಧಕ್ಕೆ ನಿಂತು, ನಾನು ಭದ್ರಾವತಿಯ ನಮ್ಮ ಕೇರಿಗೆ ಬಂದು ಕೂತಿದ್ದೆ. ಕಾಗದ ಕಾರ್ಖಾನೆಯಲ್ಲಿ ಗುತ್ತಿಗೆ ಕೂಲಿಯಾಗಿದ್ದ ಅಪ್ಪನಿಗೆ, ಕಾರ್ಖಾನೆ ನಿಂತ ಮೇಲೆ ಸಿಕ್ಕುತ್ತಿದ್ದ ಚಿಲ್ಲರೆ ಕೆಲಸವೂ ಆಗ ಇರಲಿಲ್ಲ. ಮನೆಮಂದಿಗೆಲ್ಲ ಇದ್ದದ್ದು ಒಂದು ಟಿ.ವಿ. ಒಂದು ಸಂಜೆ ಅವ್ವ ಒಳಗಿಂದ ಕೂಗಿದಳು: 'ಬಾರೋ, ಅಂಬೇಡ್ಕರಪ್ಪ ಬಂದ ನೋಡು.'

ಜೀ ಕನ್ನಡದಲ್ಲಿ 'ಮಹಾನಾಯಕ' ಶುರುವಾಗಿತ್ತು. ಶಾಲೆಯಲ್ಲಿ ಹುಡುಗ ಭೀಮನನ್ನು ಬೇರೆ ಕೂರಿಸುವುದನ್ನು ನೋಡುತ್ತ ಅವ್ವ ಮೆಲ್ಲಗೆ ಅಂದಳು: 'ನಾನು ಕಳೆ ಕೀಳಕ್ಕೆ ಹೋಗ್ತಿದ್ದ ಮನೇಲೂ ನಮ್ಮ ತಟ್ಟೆ ಹಿಂಗೇ ದೂರ, ಕೊಟ್ಟಿಗೆ ಮಾಡದಾಗೆ ಇಡ್ತಿದ್ರು ಕಣೋ.' ದಲಿತ ಸಾಹಿತ್ಯವನ್ನು ಪಠ್ಯವಾಗಿ ಓದಿ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದಿದ್ದ ನಾನು ಅವ್ವನನ್ನು ಒಂದು ದಿನವೂ ಇದನ್ನು ಕೇಳಿರಲಿಲ್ಲ. ನಾನು ಕೇಳದೇ ಇದ್ದದ್ದನ್ನು ಒಂದು ಧಾರಾವಾಹಿ ಕೇಳಿತ್ತು. ಆ ನಾಚಿಕೆಯಿಂದಲೇ ಈ ಮಾತುಗಳನ್ನು ಶುರುಮಾಡುತ್ತಿದ್ದೇನೆ.

ಹಾಗಂತ 'ಮಹಾನಾಯಕ' ದೊಡ್ಡ ಕಲಾಕೃತಿ ಎಂದು ನಾನು ವಾದಿಸಲಾರೆ. ಅದರ ಧಾಟಿ ಪೌರಾಣಿಕ ಧಾರಾವಾಹಿಗಳದ್ದು. ಹುಡುಗ ಭೀಮ ಬಾಯಿ ತೆರೆದರೆ ಹಿನ್ನೆಲೆ ಸಂಗೀತ ಮೊಳಗುತ್ತದೆ. ಕೆಟ್ಟವರು ಹುಬ್ಬು ಹಾರಿಸುತ್ತಲೇ ಇರುತ್ತಾರೆ. ಜಾತಿಯೆಂಬುದು ಒಂದು ವ್ಯವಸ್ಥೆ ಅನ್ನುವುದಕ್ಕಿಂತ ನಾಲ್ಕಾರು ದುಷ್ಟರ ಕೆಲಸ ಎಂಬಂತೆ ಕಾಣುತ್ತದೆ. ರಾಜಕಾರಣದಲ್ಲಿ ವ್ಯಕ್ತಿಪೂಜೆ ಸರ್ವಾಧಿಕಾರದ ದಾರಿ ಎಂದು ಬಾಬಾಸಾಹೇಬರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದರು. ಅವರನ್ನೇ ಅವತಾರಪುರುಷನನ್ನಾಗಿ ಮಾಡುವ ಧಾರಾವಾಹಿ ಇದು. ಆದರೂ ರಾಜ್ಯದ ಎಷ್ಟೋ ಹಳ್ಳಿಗಳಲ್ಲಿ ಜನ ತಾವೇ ಚಂದಾ ಎತ್ತಿ 'ಮಹಾನಾಯಕ'ದ ಫ್ಲೆಕ್ಸ್ ಕಟ್ಟಿದರು. ಧಾರಾವಾಹಿ ನಿಲ್ಲಿಸಿ ಎಂದು ವಾಹಿನಿಯವರಿಗೆ ಬೆದರಿಕೆ ಕರೆಗಳೂ ಬಂದವು. ಒಂದು ಸಾಧಾರಣ ಧಾರಾವಾಹಿ ಇಷ್ಟು ಸಂಭ್ರಮ, ಇಷ್ಟು ಸಿಟ್ಟು ಎರಡನ್ನೂ ಹುಟ್ಟಿಸಿದೆ ಎಂದರೆ ಅದು ತುಂಬಿದ ಖಾಲಿ ಜಾಗ ಎಷ್ಟು ದೊಡ್ಡದಿರಬೇಕು!

ನನ್ನನ್ನು ಕಾಡುವುದು ಆ ಖಾಲಿ ಜಾಗವೇ. ಈ ಬಾಬಾಸಾಹೇಬ ನಮ್ಮ ಮನೆಗೆ ಬಂದದ್ದು ಹಿಂದಿಯಿಂದ ಡಬ್ ಆಗಿ. ಬಂದದ್ದು ಯಾವ ಊರಿಗೆ? ಪ್ರೊ. ಬಿ. ಕೃಷ್ಣಪ್ಪನವರು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಲೇ, 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದ ಊರಿಗೆ. ಯಾವ ಭಾಷೆಗೆ? ದೇವನೂರ ಮಹಾದೇವ, ಸಿದ್ಧಲಿಂಗಯ್ಯನವರು ಬರೆದ ಭಾಷೆಗೆ. 2005ರಲ್ಲಿ ಅಂಬೇಡ್ಕರರ ಬಗ್ಗೆ ಕನ್ನಡದಲ್ಲೇ ಒಂದು ಸಿನಿಮಾ ಬಂದದ್ದು ನಿಜ. ಅದು ಹೀಗೆ ಮನೆಮನೆಗೆ ಮುಟ್ಟಲಿಲ್ಲ. ಕನ್ನಡ ಸಾಹಿತ್ಯದ ದಿಕ್ಕನ್ನೇ ಬದಲಿಸಿದ ದಲಿತ ಸಂವೇದನೆಗೆ ಕನ್ನಡ ತೆರೆಯ ಬಾಗಿಲು ಮಾತ್ರ ಯಾಕೆ ತೆರೆಯಲಿಲ್ಲ?

ಬಾಗಿಲಿಗೆ ಬೇಲಿಯೂ ಇತ್ತು. ದಶಕಗಳ ಕಾಲ ಕನ್ನಡಕ್ಕೆ ಡಬ್ಬಿಂಗ್ ಬರಬಾರದೆಂದು ಉದ್ಯಮ ಹಟ ಹಿಡಿದಿತ್ತು. ಕಾರ್ಮಿಕರ ಅನ್ನದ ಪ್ರಶ್ನೆ ಅದರಲ್ಲಿತ್ತು, ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಅದರ ಜೊತೆಗೆ 'ನಮ್ಮ ಸಂಸ್ಕೃತಿ' ಅನ್ನುವ ಮಾತೂ ಇತ್ತು. 2012ರಲ್ಲಿ 'ಸತ್ಯಮೇವ ಜಯತೆ' ಕನ್ನಡಕ್ಕೆ ಡಬ್ ಆಗಿ ಬರಲು ಬಿಡಲಿಲ್ಲ. ಆ ಸರಣಿಯಲ್ಲಿ ಅಸ್ಪೃಶ್ಯತೆಯನ್ನೇ ಕುರಿತ ಒಂದು ಕಂತಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ತಡೆಯ ವಿರುದ್ಧ ಆದೇಶ ಕೊಟ್ಟಿತು. ಕೊರೋನಾ ಬಂದು ಚಿತ್ರೀಕರಣ ನಿಂತಾಗ ಬೇಲಿ ತಾನೇ ಬಿತ್ತು. ಆ ಸಂದಿಯಲ್ಲಿ ನುಗ್ಗಿ ಬಂದದ್ದು 'ಮಹಾನಾಯಕ'. ಮರುವರ್ಷ ತಮಿಳಿನ 'ಜೈ ಭೀಮ್'. ಯಾರ ಸಂಸ್ಕೃತಿಯನ್ನು ಈ ಬೇಲಿ ಕಾಯುತ್ತಿತ್ತು ಎಂದು ಈಗಲಾದರೂ ಕೇಳಬೇಕಲ್ಲವೆ?

ಡಬ್ಬಿಂಗ್ ಬೇಡ, ರೀಮೇಕ್ ಆಗಬಹುದು ಅನ್ನುವ ವಾದವನ್ನೂ ನೋಡಿದ್ದೇವೆ. ವಡ್ಡರ ಸಮುದಾಯದ ನಾಗರಾಜ ಮಂಜುಳೆ 2016ರಲ್ಲಿ 'ಸೈರಾಟ್' ಮಾಡಿದರು. ಅದನ್ನು 2017ರಲ್ಲಿ 'ಮನಸು ಮಲ್ಲಿಗೆ'ಯಾಗಿ ಕನ್ನಡಕ್ಕೆ ತಂದವರು ನಮ್ಮ ಭದ್ರಾವತಿಯವರೇ ಆದ ಎಸ್. ನಾರಾಯಣ್. ನಾನಾಗ ಡಿಗ್ರಿ ಹುಡುಗ. ನಮ್ಮೂರಿನವರು ಮಾಡಿದ್ದು ಅಂತ ಆಸೆಯಿಂದ ಹೋದೆ. ನಾಯಕಿ ಅದೇ ರಿಂಕು ರಾಜಗುರು. ಕಥೆಯೂ ಅದೇ. ಆದರೆ ಮಂಜುಳೆಯವರು ತಾವು ಹುಟ್ಟಿ ಬೆಳೆದ ಕರಮಾಳ ಸೀಮೆಯಲ್ಲಿ, ಯಾರ ಬಾವಿ ಯಾರದು, ಯಾರು ಯಾರೆದುರು ತಲೆತಗ್ಗಿಸುತ್ತಾರೆ ಅನ್ನುವುದನ್ನು ಬಲ್ಲವರಾಗಿ ಚಿತ್ರ ತೆಗೆದಿದ್ದರು. ಅಲ್ಲಿ ಪಾಟೀಲರ ಮಗ ಹೊಸದಾಗಿ ಬಂದ ಮೇಷ್ಟರ ಕೆನ್ನೆಗೆ ಹೊಡೆಯುತ್ತಾನೆ. ಇವತ್ತು ಶಿವಮೊಗ್ಗದಲ್ಲಿ ಪಾಠಕ್ಕೆ ನಿಂತಾಗ ಆ ಏಟು ಒಮ್ಮೊಮ್ಮೆ ನನ್ನ ಕೆನ್ನೆಗೇ ಬಿದ್ದಂತಾಗುತ್ತದೆ. ಕನ್ನಡದ ಚಿತ್ರದಲ್ಲಿ ನನಗೆ ಪ್ರೇಮ ಕಂಡಿತು, ರಕ್ತ ಕಂಡಿತು. ನಮ್ಮ ಸೀಮೆಯ ಜಾತಿ ಕಾಣಲಿಲ್ಲ. ಭದ್ರಾ ನಾಲೆಯ ಗದ್ದೆಗಳ ಮೇಲೆ, ಕಾರ್ಖಾನೆಯ ಕ್ವಾರ್ಟರ್ಸುಗಳ ನಡುವೆ ಈ ಕಥೆ ನಡೆದಿದ್ದರೆ ಹೇಗಿರುತ್ತಿತ್ತು ಎಂದು ಯೋಚಿಸುತ್ತ ಮನೆಗೆ ನಡೆದುಬಂದದ್ದು ನೆನಪಿದೆ.

ಇನ್ನು ಕನ್ನಡದ್ದೇ ಆದ ದೊಡ್ಡ ಚಿತ್ರ 'ಕಾಂತಾರ' (2022). ಶಿವಮೊಗ್ಗದ ಥಿಯೇಟರಿನಲ್ಲಿ ಜನ ಎದ್ದುನಿಂತು ಕೈಮುಗಿದದ್ದನ್ನು ನೋಡಿದೆ. ನನಗೂ ಮೈ ಜುಮ್ಮೆಂದಿತು, ಸುಳ್ಳು ಹೇಳುವುದಿಲ್ಲ. ಹೊರಗೆ ಬಂದ ಮೇಲೆ ನೆನಪಾದದ್ದು ಬಿ.ವಿ. ಕಾರಂತರ 'ಚೋಮನ ದುಡಿ' (1975). ಎರಡೂ ಕರಾವಳಿಯ ಕಥೆಗಳು. ಎರಡರಲ್ಲೂ ಪ್ರಶ್ನೆ ಭೂಮಿಯದು. ಎರಡರಲ್ಲೂ ನಾಯಕನ ಪಾತ್ರ ಮಾಡಿದವರಿಗೆ ರಾಷ್ಟ್ರಪ್ರಶಸ್ತಿ ಬಂತು. ಚೋಮ ಭೂಮಿ ಸಿಕ್ಕದೆ ದುಡಿ ಬಾರಿಸುತ್ತ ಸತ್ತ. 47 ವರ್ಷ ಕಳೆದ ಮೇಲೆ ದೈವ ಮೈಮೇಲೆ ಬಂದು ಭೂಮಿಯನ್ನು ಉಳಿಸಿಕೊಟ್ಟಿತು. ಒಬ್ಬನಿಗೆ ನಮ್ಮ ಅನುಕಂಪ, ಇನ್ನೊಬ್ಬನಿಗೆ ನಮ್ಮ ಭಕ್ತಿ. ಅರ್ಜಿ ಬರೆದು, ಸಂಘ ಕಟ್ಟಿ, ಕಚೇರಿ ಅಲೆದು ಭೂಮಿ ಕೇಳುವ ಸಾಮಾನ್ಯ ಮನುಷ್ಯ ಈ ಎರಡರ ನಡುವೆ ಎಲ್ಲಿ ಹೋದ? ದಸಂಸ ಕಟ್ಟಿದವರು ಅಂಥವರೇ ಅಲ್ಲವೆ? ನಿಜದಲ್ಲಿ ದೈವ ಕಟ್ಟುವ ನಲಿಕೆ, ಪರವ, ಪಂಬದರು ಪರಿಶಿಷ್ಟ ಜಾತಿಯವರು. ಬಣ್ಣ ಹಚ್ಚಿದ ರಾತ್ರಿ ಅವರಿಗೆ ಊರೇ ಕೈಮುಗಿಯುತ್ತದೆ. ಬಣ್ಣ ತೊಳೆದ ಮರುದಿನ ಅವರ ತಟ್ಟೆ ಎಲ್ಲಿರುತ್ತದೆ ಎಂದು ಕ್ಯಾಮೆರಾ ಕೇಳಲಿಲ್ಲ.

ಬೇರೆಯವರನ್ನು ದೂರಿ ನಾನು ಪಾರಾಗುವಂತಿಲ್ಲ. ಹಬ್ಬದ ವೇದಿಕೆಯೊಂದರಲ್ಲಿ ಹಾಸ್ಯ ಕಲಾವಿದರೊಬ್ಬರು ಮುಖಕ್ಕೆ ಮಸಿ ಬಳಿದುಕೊಂಡು, ಕುಡಿದು ತೂರಾಡುವ ಆಳಿನ ವೇಷ ಹಾಕಿ, ಥೇಟು ನಮ್ಮ ಕೇರಿಯ ಮಾತಿನ ಅಣಕು ಮಾಡಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಪಕ್ಕದಲ್ಲಿ ನನ್ನ ವಿದ್ಯಾರ್ಥಿಯೊಬ್ಬ ನಗದೆ ಕೂತಿದ್ದ. ಅವನು ನನ್ನ ಕಡೆ ತಿರುಗಿ ಒಂದು ಸಲ ನೋಡಿದ, ಅಷ್ಟೆ. ಪದವಿ, ಸಂಬಳ, ಶುದ್ಧ ಭಾಷೆ ಎಲ್ಲ ಸೇರಿ ನನ್ನನ್ನು ಯಾವ ಸಾಲಿನಲ್ಲಿ ಕೂರಿಸಿವೆ ಎಂದು ಆವತ್ತು ತಿಳಿಯಿತು.

ಹಾಗಾದರೆ ದಾರಿ ಎಲ್ಲಿದೆ? ಸದ್ಯಕ್ಕೆ ನನಗೆ ಕಂಡಿರುವುದು ರಂಗದ ಮೇಲೆ. ಕೋಟಿಗಾನಹಳ್ಳಿ ರಾಮಯ್ಯನವರ ಬರಹಗಳನ್ನು ಆಧರಿಸಿ ಕೆ.ಪಿ. ಲಕ್ಷ್ಮಣ್ ನಿರ್ದೇಶಿಸಿದ 'ದಕ್ಲಕಥಾ ದೇವಿಕಾವ್ಯ' ನೋಡಿದೆ. ಅಲ್ಲಿ ತಮಟೆ, ಅರೆ ಬರೀ ಹಿಮ್ಮೇಳವಲ್ಲ, ಅವೇ ಮಾತಾಡುತ್ತವೆ. ಹಸಿವು, ಹೆಂಡ, ಸಾವು, ನಗು ಎಲ್ಲ ಇವೆ. ನೋಡುವವರ ಅನುಕಂಪವನ್ನು ಅದು ಬೇಡುವುದಿಲ್ಲ. ಆದರೆ ಆ ನಾಟಕ ನನ್ನನ್ನು ಸುಮ್ಮನೆ ಬಿಡಲಿಲ್ಲ. ಅದು ದಕ್ಕಲರ ಕಥೆ, ಮಾದಿಗರೂ ಮುಟ್ಟಿಸಿಕೊಳ್ಳದವರ ಕಥೆ. ನಾನು ಮಾದಿಗರವನು.

ಮುಂದಿನ ಭಾನುವಾರ ಭದ್ರಾವತಿಗೆ ಹೋದಾಗ ಅವ್ವನಿಗೆ ನಾಟಕದ ಕಥೆ ಹೇಳಿದೆ. ಚನ್ನಗಿರಿ ಕಡೆಯ ತನ್ನ ತವರಿನ ನೆನಪು ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಅವ್ವ ಅಂದಳು: 'ಅವ್ರು ಬಂದ್ರೆ ಕೇರಿ ಆಚೆನೇ ನಿಲ್ತಿದ್ರು. ನಾವೂ ಒಳಗೆ ಕರೀತಿರಲಿಲ್ಲ ಕಣೋ.' ದೂರ ಇಟ್ಟ ತಟ್ಟೆಯ ಕಥೆ ಹೇಳಿದ ಅದೇ ದನಿ.

ನನ್ನ ತರಗತಿಯಲ್ಲಿ ಈಗ ಮೊಬೈಲಿನಲ್ಲೇ ಚಿತ್ರ ತೆಗೆಯುವ ಹುಡುಗ ಹುಡುಗಿಯರಿದ್ದಾರೆ. ನಾಯಕನ ಬಗ್ಗೆ ಆಮೇಲೆ ಯೋಚಿಸಿ, ಮೊದಲು ಮನೆಗೆ ಹೋಗಿ ಅವ್ವಂದಿರನ್ನು ಕೇಳಿ ಅಂತ ಅವರಿಗೆ ಹೇಳಿದ್ದೇನೆ. ನಮ್ಮನ್ನು ದೂರ ಇಟ್ಟವರ ಕಥೆಯನ್ನೂ ಕೇಳಿ, ನಾವು ದೂರ ಇಟ್ಟವರ ಕಥೆಯನ್ನೂ ಕೇಳಿ. ಇವೆರಡನ್ನೂ ನಮಗಾಗಿ ಇನ್ನೊಂದು ಭಾಷೆಯವರು ಬಂದು ಹೇಳಲಾರರು.