ಅಪವಾದವೂ ಗೀತವೂ

ಲೋಕಾಪವಾದವು ಕಾವ್ಯಕ್ಕೆ ಹೊಸ ವಸ್ತುವಲ್ಲ. ಸೀತಾಪರಿತ್ಯಾಗವನ್ನು ಭವಭೂತಿಯು ನಾಟಕದಲ್ಲಿಯೂ ಲಕ್ಷ್ಮೀಶನು ಷಟ್ಪದಿಯಲ್ಲಿಯೂ ಹೇಳಿದ್ದಾರೆ. ಊರವರ ನಾಲಗೆಯ ಮೇಲೆ ಹುಟ್ಟಿದ ಮಾತೊಂದು ಅರಮನೆಯನ್ನು ಹೊಕ್ಕು, ತುಂಬಿದ ಬಸುರಿಯನ್ನು ಕಾಡಿಗೆ ಕಳುಹಿಸುವುದನ್ನು ಕೇಳಿ ಕಣ್ಣೊರಸಿಕೊಳ್ಳದ ಮನೆ ಕನ್ನಡನಾಡಿನಲ್ಲಿ ವಿರಳ. ಆದರೆ ಅಲ್ಲಿ ಅಪವಾದವನ್ನು ಹೊತ್ತವಳು ಒಬ್ಬಳು, ಅದನ್ನು ಹಾಡಿದ ಕವಿ ಇನ್ನೊಬ್ಬ. ನಡುವೆ ಯುಗಗಳ ಅಂತರ. ಅಮೆರಿಕದ ಪಾಪ್ ಗೀತಗಳಲ್ಲಿ ಕಳೆದ ಐವತ್ತು ವರ್ಷಗಳಿಂದ ಬೆಳೆದುಬಂದಿರುವ ಒಂದು ಜಾತಿಯಲ್ಲಿ ಈ ಅಂತರವೇ ಇಲ್ಲ. ಪತ್ರಿಕೆಯಲ್ಲಿ ಯಾರ ಹೆಸರು ಕೆಟ್ಟಿತೋ ಅವರೇ ಆ ಸುದ್ದಿಯನ್ನು ಹಾಡುತ್ತಾರೆ. ಕೇಳುವವನೂ ಒಂದು ಕೈಯಲ್ಲಿ ಪತ್ರಿಕೆಯನ್ನು ಹಿಡಿದುಕೊಂಡೇ ಹಾಡಿಗೆ ಕಿವಿಗೊಡುತ್ತಾನೆ.

ಇಂಥವುಗಳನ್ನು ಕಾವ್ಯವೆಂದು ಎಣಿಸಬಹುದೆ ಎಂಬ ಪ್ರಶ್ನೆಗೆ ಮೂಗು ಮುರಿದು ಉತ್ತರ ಹೇಳುವುದು ಸುಲಭ. ಭಟ್ಟನಾಯಕನ ಸಾಧಾರಣೀಕರಣವನ್ನು ಮುಂದಿಟ್ಟರೆ ಸಾಕು: ರಂಗದ ಮೇಲಿನ ಶೋಕವು ಇಂಥವರ ಶೋಕ ಎಂಬ ಕಟ್ಟನ್ನು ಕಳಚಿಕೊಂಡಾಗಲೇ ರಸವಾಗುವುದು. ಅಪವಾದಗೀತವಾದರೋ ಇದು ಯಾರ ಮಾತು, ಯಾರನ್ನು ಕುರಿತದ್ದು ಎಂಬ ಕುತೂಹಲವನ್ನೇ ಬಂಡವಾಳ ಮಾಡಿಕೊಂಡಿರುತ್ತದೆ. ಹಾಗೆಂದು ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಎಸೆಯುವುದು ನ್ಯಾಯವಲ್ಲ. ಸುದ್ದಿ ಹಳಸಿದ ಮೇಲೂ ನಿಲ್ಲುವ ಗೀತಗಳು ಕೆಲವು ಉಂಟು.

ಕಾರ್ಲಿ ಸೈಮನ್ 1972ರಲ್ಲಿ ಹಾಡಿದ 'ಯೂ ಆರ್ ಸೋ ವೇನ್' ಅಂಥದೊಂದು. ಸಭೆಯನ್ನು ಪ್ರವೇಶಿಸುವಾಗಲೂ ಕನ್ನಡಿಯಿಂದ ಕಣ್ಣು ತೆಗೆಯದ ಗಂಡಸೊಬ್ಬನ ಚಿತ್ರ ಅದರಲ್ಲಿದೆ. ಹೆಸರು ಮಾತ್ರ ಇಲ್ಲ. ಪಲ್ಲವಿಯಲ್ಲಿ ಮಿಕ್ ಜ್ಯಾಗರನ ಕಂಠವೂ ಸೇರಿರುವುದರಿಂದ ಊಹೆಗೆ ಮತ್ತಷ್ಟು ಎಣ್ಣೆ ಬಿತ್ತು. ಹೆಸರಿನ ಆಸೆ ಎಷ್ಟು ಬೆಳೆಯಿತೆಂದರೆ, 2003ರಲ್ಲಿ ಧರ್ಮಕಾರ್ಯಕ್ಕಾಗಿ ನಡೆದ ಹರಾಜೊಂದರಲ್ಲಿ ಈ ಗುಟ್ಟನ್ನು ಒಬ್ಬ ದೂರದರ್ಶನದ ಅಧಿಕಾರಿ 50,000 ಡಾಲರಿಗೆ ಕೊಂಡನು. ಯಾರಿಗೂ ಹೇಳಕೂಡದೆಂಬುದು ಕರಾರು. 2015ರಲ್ಲಿ ಆಕೆಯೇ ಎರಡನೆಯ ಚರಣವು ನಟ ವಾರನ್ ಬೀಟಿಯನ್ನು ಕುರಿತದ್ದೆಂದಳು. ಗೀತಕ್ಕೆ ಇದರಿಂದ ಆದ ಲಾಭವೇನೂ ಇಲ್ಲ. ಅಂಥ ಗಂಡಸನ್ನು ಪ್ರತಿಯೊಂದು ಮದುವೆಯ ಚಪ್ಪರದಲ್ಲಿಯೂ ಕಂಡಿರುವವರಿಗೆ ಬೀಟಿಯ ಹೆಸರು ಏತಕ್ಕೆ?

ಮೈಕಲ್ ಜ್ಯಾಕ್ಸನನ ದಾರಿ ಬೇರೆ. 'ಲೀವ್ ಮಿ ಅಲೋನ್' ಗೀತಕ್ಕೆ ಜಿಮ್ ಬ್ಲಾಶ್‌ಫೀಲ್ಡ್ ಮಾಡಿದ, 1989ರಲ್ಲಿ ಹೊರಬಂದ ಕಿರುಚಿತ್ರದಲ್ಲಿ ಆತನು ತನ್ನ ಮೇಲೆ ಹಬ್ಬಿದ್ದ ವದಂತಿಗಳನ್ನು ಒಂದೊಂದಾಗಿ ಆಟದ ಸಾಮಾನು ಮಾಡುತ್ತಾನೆ. ಅವನು ಕೊಳ್ಳಹೊರಟನೆಂದು ಪತ್ರಿಕೆಗಳು ಬರೆದಿದ್ದ ಅಸ್ಥಿಪಂಜರದ ಜತೆಯಲ್ಲಿಯೇ ಕುಣಿಯುತ್ತಾನೆ. ಕಡೆಗೆ ತಿಳಿಯುವುದೇನೆಂದರೆ, ಆ ಜಾತ್ರೆಯ ತೊಟ್ಟಿಲು ರಾಟೆಗಳೆಲ್ಲ ಅವನ ಮಲಗಿದ ಶರೀರದ ಮೇಲೆಯೇ ಕಟ್ಟಲ್ಪಟ್ಟಿವೆ. ಅವನು ಎದ್ದು ನಿಂತಾಗ ಎಲ್ಲವೂ ಕುಸಿಯುತ್ತದೆ. ಮಾತಿಗಿಂತ ಚಿತ್ರವೇ ಇಲ್ಲಿ ಕಾವ್ಯ. ಈ ಹಾಸ್ಯವು 1995ರ 'ಸ್ಕ್ರೀಮ್' ಗೀತದಲ್ಲಿ ಕೋಪವಾಗಿ ಮಾರ್ಪಟ್ಟಿತು. ನಡುವೆ, 1993ರಲ್ಲಿ, ಬಾಲಕನೊಬ್ಬನ ವಿಷಯದಲ್ಲಿ ಗುರುತರವಾದ ಆರೋಪ ಬಂದಿತ್ತು. 1994ರಲ್ಲಿ ಸಿವಿಲ್ ದಾವೆ ಹಣದ ರಾಜಿಯಲ್ಲಿ ಮುಗಿದಿತ್ತು. ಮೂಳೆಯ ಸುದ್ದಿಯೇ ಬೇರೆ, ಮಗುವಿನ ದೂರೇ ಬೇರೆ. ಎರಡನ್ನೂ ಪತ್ರಿಕೆಗಳ ಹಾವಳಿಯೆಂಬ ಒಂದೇ ಚೀಲಕ್ಕೆ ಹಾಕಿ ಕೂಗುವ ಗೀತವು ಕೇಳುವವನನ್ನು ನ್ಯಾಯಪೀಠದಲ್ಲಿ ಕುಳ್ಳಿರಿಸುತ್ತದೆ, ಸಾಕ್ಷ್ಯವನ್ನು ಮಾತ್ರ ಕೊಡುವುದಿಲ್ಲ. ಹಾಡು ಎಷ್ಟೇ ಬಿರುಸಾಗಿದ್ದರೂ ಅಲ್ಲಿ ಸಹೃದಯನ ಮನಸ್ಸು ಹಿಂಜರಿದರೆ ತಪ್ಪಲ್ಲ.

ಈ ಜಾತಿಯಲ್ಲಿ ಹೆಚ್ಚು ವಿಚಾರಕ್ಕೆ ಯೋಗ್ಯವಾದದ್ದು ಬ್ರಿಟ್ನಿ ಸ್ಪಿಯರ್ಸ್ 2007ರಲ್ಲಿ ಹಾಡಿದ 'ಪೀಸ್ ಆಫ್ ಮಿ'. ಇದಕ್ಕೆ ಐದು ವರ್ಷ ಮೊದಲು, 2002ರಲ್ಲಿ, ಆಕೆಯ ಹಿಂದಿನ ಪ್ರಿಯನಾದ ಜಸ್ಟಿನ್ ಟಿಂಬರ್‌ಲೇಕ್ 'ಕ್ರೈ ಮಿ ಎ ರಿವರ್' ಎಂಬ ಗೀತವನ್ನು ಹಾಡಿ, ಅದರ ಚಿತ್ರದಲ್ಲಿ ಆಕೆಯನ್ನು ಹೋಲುವ ಹೆಣ್ಣನ್ನು ನಿಲ್ಲಿಸಿ, ಊರೆಲ್ಲ ಒಬ್ಬಳ ಕಡೆಗೆ ಬೆರಳು ತೋರುವಂತೆ ಮಾಡಿದ್ದನು. ಹೆಸರು ಹೇಳಲಿಲ್ಲವೆಂಬುದು ಅಲ್ಲಿ ಸೈಮನಳ ಸಂಯಮವಲ್ಲ, ಬರಿಯ ಉಪಾಯ. 2021ರಲ್ಲಿ ಅವನು ಬಹಿರಂಗವಾಗಿ ಕ್ಷಮೆ ಬೇಡಿದನು. 2007ರ ಹೊತ್ತಿಗೆ ಆಕೆಯ ದಾಂಪತ್ಯ ಮುರಿದಿತ್ತು. ಎರಡು ಎಳೆಯ ಮಕ್ಕಳ ಪಾಲನೆ ನ್ಯಾಯಾಲಯದ ಮೆಟ್ಟಿಲೇರಿತ್ತು. ಆ ಫೆಬ್ರವರಿಯಲ್ಲಿ ಆಕೆ ತಲೆ ಬೋಳಿಸಿಕೊಂಡದ್ದನ್ನು ಛಾಯಾಗ್ರಾಹಕರು ಗಾಜಿನ ಹೊರಗೆ ಮುತ್ತಿಕೊಂಡು ಸೆರೆಹಿಡಿದು ಮಾರಿದ್ದರು.

ಗೀತದ ಕಟ್ಟಡವನ್ನು ನೋಡಿದರೆ ಅದೊಂದು ತಲೆಕೆಳಗಾದ ಬಿರುದಾವಳಿ. ವಂದಿಮಾಗಧರು ಅರಸನ ಮುಂದೆ ನಿಂತು ಬಿರುದುಗಳನ್ನು ಉಗ್ಗಡಿಸುವಂತೆ, ಈ ಗಾಯಕಿಯು ಪತ್ರಿಕೆಗಳು ತನಗೆ ಹಚ್ಚಿದ ಹೆಸರುಗಳನ್ನು ತಾನೇ ಸಾಲುಸಾಲಾಗಿ ಕೂಗಿಕೊಳ್ಳುತ್ತಾಳೆ. ದೇಶದ ಕನಸಿನ ಕನ್ಯೆ, ನಾಚಿಕೆಯಿಲ್ಲದವಳು, ಒಮ್ಮೆ ದಪ್ಪಗಾದವಳು, ಇನ್ನೊಮ್ಮೆ ತೆಳ್ಳಗಾದವಳು, ಹೀಗೆ. ದುಃಖವನ್ನು ತೋಡಿಕೊಳ್ಳುವ ಮಾತೇ ಇಲ್ಲ. ಪಲ್ಲವಿಯ ಪ್ರಶ್ನೆಯಲ್ಲಿ ಒಂದು ಶ್ಲೇಷವಿದೆ: ಇಂಗ್ಲಿಷಿನ ನುಡಿಯಲ್ಲಿ ಅದು ಕಾಳಗಕ್ಕೆ ಕರೆಯುವ ಸವಾಲೂ ಹೌದು, ನನ್ನಲ್ಲೊಂದು ಪಾಲು ಬೇಕೆ ಎಂಬ ವಿಚಾರಣೆಯೂ ಹೌದು. ಕಟುಕನ ಅಂಗಡಿಯ ಮುಂದೆ ನಿಂತ ಕುರಿಯೇ ಗಿರಾಕಿಗಳನ್ನು ಕೇಳಿದಂತೆ. ಯಂತ್ರವು ಆಕೆಯ ದನಿಯನ್ನು ಕತ್ತರಿಸಿ ಅಂಟಿಸಿರುವುದರಿಂದ ಸಹಜವಾದ ಕಂಠ ಯಾವುದು, ಕೃತಕವಾದುದು ಯಾವುದು ಎಂದು ತಿಳಿಯುವುದು ಕಷ್ಟ. ಅನೇಕರು ಇದನ್ನು ದೋಷವೆಂದರು. ಪಾಲು ಹಂಚಲ್ಪಟ್ಟವಳ ಮಾತಿಗೆ ಇಡಿಯಾದ ದನಿಯನ್ನು ಕೊಡುವುದೇ ಅನೌಚಿತ್ಯವಾಗುತ್ತಿತ್ತು.

ಇಲ್ಲೊಂದು ಚಮತ್ಕಾರ. ಇಷ್ಟು ಆತ್ಮೀಯವೆಂದು ಜನ ನಂಬಿದ ಈ ಗೀತವನ್ನು ಬರೆದವಳು ಆಕೆಯಲ್ಲ. ಕ್ರಿಶ್ಚಿಯನ್ ಕಾರ್ಲ್‌ಸನ್, ಪೊಂಟಸ್ ವಿನ್‌ಬರ್ಗ್, ಕ್ಲಾಸ್ ಓಲುಂಡ್ ಎಂಬ ಸ್ವೀಡನ್ ದೇಶದ ಮೂವರು ಇದರ ಕರ್ತೃಗಳು. ಹಿನ್ನೆಲೆಯ ದನಿಯಲ್ಲಿ ಕೂಡಿದ ರಾಬಿನ್ ಎಂಬ ಗಾಯಕಿಯೂ ಆ ದೇಶದವಳೇ. ಆನಂದವರ್ಧನನು ಹೇಳಿದ ಕವಿನಿಬದ್ಧವಕ್ತೃಪ್ರೌಢೋಕ್ತಿಗೆ ಇದಕ್ಕಿಂತ ವಿಚಿತ್ರವಾದ ನಿದರ್ಶನ ದೊರೆಯುವುದು ಕಷ್ಟ: ಕವಿಗಳು ಕಲ್ಪಿಸಿದ ಪಾತ್ರವೇ ಜೀವಂತವಾಗಿ ಎದ್ದು ಬಂದು ತನ್ನ ಮಾತನ್ನು ಹಾಡಿದೆ! ಆಕೆ ಕೇವಲ ಸೂತ್ರದ ಗೊಂಬೆಯಾಗಿದ್ದಳೆಂದೂ ಹೇಳಲಾಗದು. ಗೀತವಿರುವ 'ಬ್ಲ್ಯಾಕ್‌ಔಟ್' ಸಂಪುಟದ ಪ್ರಧಾನ ನಿರ್ಮಾಪಕಿಯೆಂದು ಮುದ್ರಿತವಾಗಿರುವ ಹೆಸರು ಆಕೆಯದೇ. ಪರರು ಹೊಲಿದ ಅಂಗಿಯಾದರೂ ತೊಡಲು ಒಪ್ಪಿದವಳು ಆಕೆ.

ಗೀತದ ನಿಜವಾದ ವ್ಯಂಗ್ಯವು ಆಮೇಲೆ ಬಂದಿತು. ಕಂಕುಳಲ್ಲಿ ಕೂಸಿದ್ದರೂ ತನ್ನ ಗಳಿಕೆ ತಗ್ಗಿಲ್ಲವೆಂದು ಬೀಗುವ ಮಾತೊಂದು ಅದರಲ್ಲಿ ಬರುತ್ತದೆ; 2007ರಲ್ಲಿ ಅದು ಕೇವಲ ಜಂಬವಾಗಿ ಕೇಳಿಸಿರಬೇಕು. 2008ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸಿನ ನ್ಯಾಯಾಲಯವು ಆಕೆಯ ದೇಹ ಮತ್ತು ಆಸ್ತಿಗಳ ಆಡಳಿತವನ್ನು ಆಕೆಯಿಂದ ತೆಗೆದು, ತಂದೆಯೇ ಮೊದಲಾದವರ ವಶಕ್ಕೆ ಕೊಟ್ಟಿತು. ತನ್ನ ಜೀವನವನ್ನು ನಡೆಸಲು ಅಶಕ್ತಳೆಂದು ತೀರ್ಮಾನಿಸಲ್ಪಟ್ಟವಳು ಸಂಪಾದಿಸಲು ಮಾತ್ರ ಶಕ್ತಳಾಗಿಯೇ ಉಳಿದಳು! ಸಂಪುಟಗಳು ಬಂದುವು, ಪ್ರವಾಸಗಳು ನಡೆದುವು. 2013ರ ಡಿಸೆಂಬರಿನಿಂದ 2017ರ ಕೊನೆಯವರೆಗೆ ಲಾಸ್ ವೇಗಸ್ಸಿನ ರಂಗಮಂದಿರವೊಂದರಲ್ಲಿ ಆಕೆಯ ಕಾರ್ಯಕ್ರಮ ನಡೆಯಿತು. ಅದಕ್ಕೆ ಇಟ್ಟ ಹೆಸರು ಈ ಗೀತದ್ದೇ. ತನ್ನನ್ನು ಇಚ್ಛೆಗೆ ವಿರುದ್ಧವಾಗಿ ದುಡಿಸಿಕೊಂಡರೆಂದು ಆಕೆ 2021ರ ಜೂನ್ ತಿಂಗಳಲ್ಲಿ ನ್ಯಾಯಾಲಯದ ಮುಂದೆ ಹೇಳಿದಳು. ಅದೇ ನವೆಂಬರಿನಲ್ಲಿ, ಹದಿಮೂರು ವರ್ಷ ಕಳೆದ ಮೇಲೆ, ಆ ಕಟ್ಟು ಬಿಚ್ಚಿತು.

ಈ ಚರಿತ್ರೆಯನ್ನು ಅರಿತ ಮೇಲೆ ಗೀತವು ಮೊದಲಿನಂತೆ ಕೇಳಿಸುವುದಿಲ್ಲ. ಹಾಗಾದರೆ ಅದೂ ಹೊರಗಿನ ಸುದ್ದಿಯನ್ನು ಆಶ್ರಯಿಸಿದ್ದೇ ಎಂದು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಹುರುಳಿದೆ. ಆದರೆ 2007ರ ಪತ್ರಿಕೆಗಳಲ್ಲಿದ್ದ ಯಾವ ಸುದ್ದಿಯೂ ಈಗ ಬೇಕಾಗಿಲ್ಲ. ಮುಂದೆ ಬಂದದ್ದೋ, ಬರೆದ ಮೂವರಿಗೂ ಹಾಡಿದವಳಿಗೂ ಆಗ ಗೊತ್ತಿರಲಿಲ್ಲ. ಪತ್ರಿಕೆಯವರನ್ನು ಕೆಣಕಲು ಕಟ್ಟಿದ ಪಲ್ಲವಿಯ ಪ್ರಶ್ನೆಯನ್ನು ವೇಗಸ್ಸಿನ ರಂಗದ ಮೇಲೆ ನಾಲ್ಕು ವರ್ಷ ಆಕೆ ಮತ್ತೆ ಮತ್ತೆ ಕೇಳಿದಳು. ಅಲ್ಲಿ ಅದನ್ನು ಕೇಳಿಸಿಕೊಂಡವರು ಪತ್ರಿಕೆಯವರಲ್ಲ, ಟಿಕೀಟು ಕೊಂಡು ಬಂದ ಅಭಿಮಾನಿಗಳು.